ಥೈರಾಯ್ಡ್ ಮಾತ್ರೆ ನುಂಗಿದರೂ ತೂಕ ಇಳಿಯುತ್ತಿಲ್ಲವಾ? ಮೊದಲು ಮಾತ್ರೆ, ಆಮೇಲೆ ತಟ್ಟೆ

"ಥೈರಾಯ್ಡ್ ಇದೆ, ಮಾತ್ರೆ ತಗೊಳ್ತಾ ಇದ್ದೀನಿ, ಊಟಾನೂ ಕಮ್ಮಿ ಮಾಡಿದ್ದೀನಿ, ಆದರೂ ತೂಕ ಇಳೀತಿಲ್ಲ." ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಒಬ್ಬೊಬ್ಬರಿಗೆ ಬೇರೆಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇದು ಹೈಪೋಥೈರಾಯ್ಡ್ ಇರುವವರಿಗೆ. ಅಂದರೆ ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಕಡಿಮೆ ತಯಾರಿಸುವ ಸ್ಥಿತಿ. ಹಾರ್ಮೋನ್ ಜಾಸ್ತಿಯಾಗುವ ಹೈಪರ್‌ಥೈರಾಯ್ಡ್ ಬೇರೆ ಕಾಯಿಲೆ, ಅದಕ್ಕೆ ಔಷಧಿಯೂ ಬೇರೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಚೀಟಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಕೇಳಿ, ಆಮೇಲೆ ಮುಂದೆ ಓದಿ.

ಮೊದಲೇ ಒಂದು ಮಾತು. ಥೈರಾಯ್ಡ್ ಮಾತ್ರೆ ತೂಕ ಇಳಿಸುವ ಮಾತ್ರೆ ಅಲ್ಲ. ದೇಹದಲ್ಲಿ ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುವುದಷ್ಟೇ ಅದರ ಕೆಲಸ. ಬರೀ ಥೈರಾಯ್ಡ್‌ನಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 4.5 ಕೆಜಿ ಅಂತ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಹೇಳುತ್ತದೆ, ಅದರಲ್ಲೂ ಬಹುಪಾಲು ಕೊಬ್ಬಲ್ಲ, ಮೈಯಲ್ಲಿ ನಿಲ್ಲುವ ಉಪ್ಪು ಮತ್ತು ನೀರು. 15 ಕೆಜಿ ಏರಿದ್ದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟೋಕೆ ಆಗಲ್ಲ. ಹಾಗಂತ "ಎಲ್ಲಾ ನಿನ್ನ ಬಾಯಿಚಪಲ" ಅನ್ನುವ ನೆಂಟರ ಮಾತೂ ಸರಿಯಲ್ಲ. ಹಾರ್ಮೋನ್ ಕಡಿಮೆಯಿದ್ದಾಗ ಸುಸ್ತು, ಮೈಕೈ ನೋವು, ಮಲಬದ್ಧತೆ, ಎಷ್ಟು ಮಲಗಿದರೂ ಸಾಲದ ನಿದ್ದೆ. ಇಷ್ಟೆಲ್ಲ ಇಟ್ಟುಕೊಂಡು ಯಾರು ತಾನೇ ವಾಕಿಂಗ್ ಹೋಗುತ್ತಾರೆ? ಅದಕ್ಕೇ ಮೊದಲು ಮಾತ್ರೆ ಸರಿಯಾಗಬೇಕು. ಆಮೇಲೆ ಊಟ, ಓಡಾಟ. ಈ ಕ್ರಮ ತಪ್ಪಿದರೆ ಉಪವಾಸ ಬಿದ್ದರೂ ಸುಸ್ತೇ ಲಾಭ.

ಶುರು ಮಾಡೋಕೆ ಬೇಕಾಗಿದ್ದು ಇಷ್ಟು: ಹಳೆಯ ರಕ್ತ ಪರೀಕ್ಷೆಯ ರಿಪೋರ್ಟುಗಳು, ನೀವು ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ (ಗ್ಯಾಸ್ ಮಾತ್ರೆ, ಆಯುರ್ವೇದದ ಪುಡಿ ಎಲ್ಲಾ ಸೇರಿಸಿ), ಟೈಲರ್ ಟೇಪು, ಒಂದು ನೋಟ್‌ಬುಕ್. ತೂಕದ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನದೇ ಸಾಕು, ಆದರೆ ಪ್ರತಿ ಸಲ ಅದೇ ಯಂತ್ರ ಇರಲಿ.

ಹಂತ 1: ರಿಪೋರ್ಟ್ ಓದುವುದನ್ನು ಕಲಿಯಿರಿ

ರಿಪೋರ್ಟಿನಲ್ಲಿ ಮುಖ್ಯವಾಗಿ ನೋಡಬೇಕಾಗಿದ್ದು ಟಿಎಸ್‌ಎಚ್. ಇದು ಥೈರಾಯ್ಡ್ ತಯಾರಿಸುವ ಹಾರ್ಮೋನ್ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ತಾಕೀತು. ಥೈರಾಯ್ಡ್ ಕೆಲಸ ನಿಧಾನ ಮಾಡಿದಷ್ಟೂ ತಾಕೀತು ಜೋರಾಗುತ್ತದೆ. ಹಾಗಾಗಿ ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆ ಅಂತ. ಇಲ್ಲೇ ತುಂಬಾ ಜನ ಎಡವುತ್ತಾರೆ. "12 ಬಂದಿದೆ, ಜಾಸ್ತಿ ಆಗಿದೆ" ಅಂತ ತಾವೇ ಮಾತ್ರೆ ಕಡಿಮೆ ಮಾಡಿಬಿಡುತ್ತಾರೆ. ಆಗಬೇಕಾಗಿದ್ದು ಅದರ ಉಲ್ಟಾ.

ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇದ್ದರೆ ಸರಿ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ರಿಪೋರ್ಟಿನ ಪಕ್ಕದಲ್ಲೇ ಅವರ ಮಿತಿ ಬರೆದಿರುತ್ತಾರೆ. ಇನ್ನೊಂದು ಟಿ4, ಇದು ಥೈರಾಯ್ಡ್ ನಿಜವಾಗಿ ಸುರಿಸುವ ಹಾರ್ಮೋನ್. ಟಿಎಸ್‌ಎಚ್ ಸ್ವಲ್ಪ ಏರಿದೆ, ಹತ್ತರ ಒಳಗೇ ಇದೆ, ಟಿ4 ಸರಿಯಾಗಿದೆ ಅಂದರೆ ಅದಕ್ಕೆ ಸಬ್‌ಕ್ಲಿನಿಕಲ್ ಅನ್ನುತ್ತಾರೆ, ಅಂದರೆ ಇನ್ನೂ ಪೂರ್ತಿ ಕಾಯಿಲೆ ಅಲ್ಲ, ಅಂಚಿನಲ್ಲಿದೆ. ಇಂಥವರಿಗೆಲ್ಲ ಮಾತ್ರೆ ಬೇಕೇ ಬೇಕು ಅಂತಿಲ್ಲ. ತೂಕ ಜಾಸ್ತಿಯಿದ್ದರೂ ಟಿಎಸ್‌ಎಚ್ ಸ್ವಲ್ಪ ಏರುತ್ತದೆ, ತೂಕ ಇಳಿದಾಗ ತಾನಾಗಿಯೇ ಇಳಿಯುವುದೂ ಉಂಟು. ಮಾತ್ರೆ ಬೇಕಾ ಬೇಡವಾ ಅನ್ನುವುದು ವಯಸ್ಸು, ಲಕ್ಷಣ, ಗರ್ಭಧಾರಣೆಯ ಯೋಚನೆ ಎಲ್ಲ ನೋಡಿ ಡಾಕ್ಟರ್ ಹೇಳಬೇಕಾದ ಮಾತು. ಆಂಟಿ ಟಿಪಿಒ ಅಂತ ಒಂದು ಪರೀಕ್ಷೆ ಬರೆದಿದ್ದರೆ ಗಾಬರಿಯಾಗಬೇಡಿ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯಾ ಅಂತ ನೋಡುವುದಕ್ಕೆ ಅದು.

ಪರೀಕ್ಷೆಗೆ ಹೋಗುವ ದಿನ ಬೆಳಿಗ್ಗೆ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು.

ಹಂತ 2: ಮಾತ್ರೆ, ಚಹಾ ಮತ್ತು ಒಂದು ಗಂಟೆ

ತೂಕದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ, ನಿಧಾನವಾಗಿ ಓದಿ.

ಲೆವೋಥೈರಾಕ್ಸಿನ್ ಅನ್ನುವುದು ಈ ಮಾತ್ರೆಯ ಹೆಸರು. ಕಂಪನಿಗಳು ಬೇರೆಬೇರೆ ಹೆಸರಲ್ಲಿ ಮಾರುತ್ತವೆ, 25, 50, 75, 100 ಮೈಕ್ರೋಗ್ರಾಂ ಹೀಗೆ. ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗ. ಪ್ರಮಾಣ ಇಷ್ಟು ಚಿಕ್ಕದು, ಹೊಟ್ಟೆಯಲ್ಲಿ ಬೇರೆ ಏನಾದರೂ ಇದ್ದರೆ ಮೈಗೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಆಮೇಲೆ ಕಡಿಮೆ ಅಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನೂ ಬೇಡ.

ಏನೂ ಬೇಡ ಅಂದರೆ ಚಹಾನೂ ಬೇಡ. ನಮ್ಮ ಕಡೆ ಹೇಗೆ ಅಂದರೆ, ಹಲ್ಲುಜ್ಜಿದ ಕೂಡಲೇ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಚಹಾ ಬಸಿ. "ಊಟ ಮಾಡಿಲ್ಲ ಅಲ್ವಾ, ಬರೀ ಚಹಾ ತಾನೇ" ಅಂತಾರೆ. ಹಾಲು ಹಾಕಿದ ಚಹಾ ಆಗಲಿ ಕಾಫಿ ಆಗಲಿ ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಸುಲಭದ ದಾರಿ: ರಾತ್ರಿ ಮಲಗುವಾಗ ಮಾತ್ರೆ ಬಾಟಲಿ ಮತ್ತು ನೀರಿನ ಚೊಂಬನ್ನು ಹಾಸಿಗೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಕಣ್ಣು ಬಿಟ್ಟ ತಕ್ಷಣ ನುಂಗಿ, ಆಮೇಲೆ ಕಸ, ಅಂಗಳ, ಸ್ನಾನ ಮುಗಿಸುವಷ್ಟರಲ್ಲಿ ಒಂದು ಗಂಟೆ ಆಗಿಯೇ ಇರುತ್ತದೆ.

ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರು ಡಾಕ್ಟರ್ ಕೇಳಿ ರಾತ್ರಿ ಮಲಗುವಾಗ ತಗೊಳ್ಳಬಹುದು, ಊಟ ಆಗಿ ಮೂರು ಗಂಟೆ ಕಳೆದಿರಬೇಕು. ತೋರಣಗಲ್ಲಿನ ಕಾರ್ಖಾನೆಗಳಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಪಾಳಿ ಕೆಲಸ ಇರುವವರಿಗೆ ಗಡಿಯಾರ ನೋಡಿ ಮಾತ್ರೆ ನುಂಗುವುದು ಕಷ್ಟ. ನಿಮಗೆ "ಬೆಳಿಗ್ಗೆ" ಅಂದರೆ ನೀವು ನಿದ್ದೆಯಿಂದ ಏಳುವ ಹೊತ್ತು, ಅದು ಮಧ್ಯಾಹ್ನ ಮೂರಾದರೂ ಸರಿ.

ಇನ್ನು ಜಗಳಗಂಟ ಮಾತ್ರೆಗಳು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಿ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು "ಎಲ್ಲಾ ಒಟ್ಟಿಗೆ ಮುಗಿದುಹೋಗಲಿ" ಅಂತ ಬೆಳಿಗ್ಗೆಯೇ ನುಂಗುವವರು ಬಹಳ. ಅದನ್ನು ಮಧ್ಯಾಹ್ನದ ಊಟದ ನಂತರಕ್ಕೆ ಹಾಕಿ. ಗ್ಯಾಸ್ ಮಾತ್ರೆಯೂ ಇದೇ ಕಥೆ: ದಿನಾ ಪ್ಯಾಂಟೊಪ್ರಜೋಲ್ ತಗೊಳ್ಳುವವರಿಗೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹತ್ತದೇ ಇರಬಹುದು. ಡಾಕ್ಟರಿಗೆ ಹೇಳಿ, ಅವರು ಡೋಸ್ ನೋಡಿಕೊಳ್ಳುತ್ತಾರೆ.

ಬಿಸಿಲಿನ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಜಾಸ್ತಿ. ಈ ಮಾತ್ರೆ ಶಾಖ, ಬೆಳಕು, ತೇವ ಮೂರಕ್ಕೂ ಕೆಡುತ್ತದೆ. ಒಲೆ ಪಕ್ಕದ ಗೂಡು, ಕಿಟಕಿ ಕಟ್ಟೆ, ಬೈಕಿನ ಡಿಕ್ಕಿ ಬೇಡ. ಮನೆಯಲ್ಲಿ ಎಲ್ಲಕ್ಕಿಂತ ತಂಪಾಗಿರುವ ಕೋಣೆಯ ಕಪಾಟಿನಲ್ಲಿ, ಅದೇ ಬಾಟಲಿಯಲ್ಲಿ, ಮುಚ್ಚಳ ಬಿಗಿದು ಇಡಿ. ಬೇರೆ ಡಬ್ಬಿಗೆ ಸುರಿದುಕೊಳ್ಳಬೇಡಿ.

ಒಂದು ದಿನ ಮರೆತರೆ? ನೆನಪಾದಾಗ ನುಂಗಿ, ಮರುದಿನ ನೆನಪಾದರೆ ಆ ದಿನದ್ದನ್ನಷ್ಟೇ ತಗೊಳ್ಳಿ, ಲೆಕ್ಕ ಸರಿ ಮಾಡೋಕೆ ಎರಡೆರಡು ಬೇಡ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕು, ಒಂದು ದಿನದ ಮರೆವಿನಿಂದ ಏನೂ ಮುಳುಗಿಹೋಗಲ್ಲ. ಉಪವಾಸದ ದಿನವೂ ಬಿಡಬೇಡಿ.

ಹಂತ 3: ಆರರಿಂದ ಎಂಟು ವಾರ ಕಾಯಿರಿ

ಡೋಸ್ ಬದಲಾದ ಮೇಲೆ ಹದಿನೈದು ದಿನಕ್ಕೇ ರಕ್ತ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ನಿಲ್ಲೋಕೆ 6ರಿಂದ 8 ವಾರ ಬೇಕು. ವಿಮ್ಸ್ ಅಂತಲೇ ಎಲ್ಲರೂ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳ ಜನರಲ್ ಮೆಡಿಸಿನ್ ಹೊರರೋಗಿ ವಿಭಾಗದಲ್ಲಿ ತೋರಿಸಬಹುದು. ಸಾಮಾನ್ಯ ಹೈಪೋಥೈರಾಯ್ಡ್‌ಗೆ ದೊಡ್ಡ ಊರಿನ ಹಾರ್ಮೋನ್ ತಜ್ಞರೇ ಬೇಕು ಅಂತಿಲ್ಲ. ಅದೇ ಸಲ ಸಕ್ಕರೆ, ಕೊಲೆಸ್ಟರಾಲ್, ಹಿಮೋಗ್ಲೋಬಿನ್ ಕೂಡ ಮಾಡಿಸಿಬಿಡಿ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದಾಗ ಕೊಲೆಸ್ಟರಾಲ್ ಏರುತ್ತದೆ, ರಕ್ತ ಕಡಿಮೆ ಇದ್ದರೆ ಸುಸ್ತು ಥೈರಾಯ್ಡ್‌ನದೋ ರಕ್ತಹೀನತೆಯದೋ ಅಂತ ಗೊತ್ತಾಗುವುದಿಲ್ಲ.

ಎಚ್ಚರಿಕೆ: ಬೇಗ ತೆಳ್ಳಗಾಗಲಿ ಅಂತ ನೀವೇ ಡೋಸ್ ಏರಿಸಬೇಡಿ. ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ಬೆವರು ಇವೆಲ್ಲ ಡೋಸ್ ಜಾಸ್ತಿಯಾದ ಗುರುತು. ಹಾಗೇ ಮುಂದುವರಿದರೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿ ಅಂತ ಗೊತ್ತಾದರೆ ಮುಂದಿನ ತಪಾಸಣೆ ದಿನದವರೆಗೆ ಕಾಯಬೇಡಿ, ಆ ವಾರವೇ ಡಾಕ್ಟರನ್ನು ಕಾಣಿ. ಆಗ ಡೋಸ್ ಏರಿಸಬೇಕಾಗುವುದೇ ಜಾಸ್ತಿ, ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಹಾರ್ಮೋನ್ ಬೇಕು.

ಹಂತ 4: ಅಳತೆ ತಗೊಳ್ಳಿ, ದಿನಾ ಬೇಡ

ಹೊಟ್ಟೆಯ ಸುತ್ತಳತೆ ಹೊಕ್ಕಳ ಮಟ್ಟದಲ್ಲಿ, ಉಸಿರು ಬಿಟ್ಟಾಗ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಜಾಸ್ತಿ. ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ: ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 1.57 ಮೀಟರ್ ಎತ್ತರ, 68 ಕೆಜಿ ಇದ್ದರೆ ಸುಮಾರು 27.6. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು.

ಮೊದಲ ಗುರಿ 5 ಶೇಕಡ. 68 ಕೆಜಿ ಇರುವವರಿಗೆ ಬರೀ ಮೂರೂವರೆ ಕೆಜಿ. ಇಷ್ಟೇನಾ ಅನ್ನಿಸುತ್ತದೆ, ಆದರೆ ಸಕ್ಕರೆ, ಬಿಪಿ ಮೇಲೆ ಇಷ್ಟರಿಂದಲೇ ಪರಿಣಾಮ ಕಾಣುತ್ತದೆ. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಟೇಪು. ಮುಟ್ಟಿನ ಮುಂಚಿನ ವಾರದಲ್ಲಿ ನೀರು ನಿಂತು ಒಂದೆರಡು ಕೆಜಿ ಏರಿದ ಹಾಗೆ ಕಾಣಬಹುದು, ಅದನ್ನು ಲೆಕ್ಕಕ್ಕೆ ತಗೋಬೇಡಿ.

ಹಂತ 5: ತಟ್ಟೆ

ಮೊದಲು ಒಂದು ನಂಬಿಕೆ ಬಿಡಿ. "ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತೆ." ಗ್ರಾಂ ಲೆಕ್ಕದಲ್ಲಿ ಜೋಳಕ್ಕೂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಕ್ಯಾಲೊರಿ ಅಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. ಜೋಳದಲ್ಲಿ ನಾರು ಜಾಸ್ತಿ, ಅಗಿಯಬೇಕು, ಬೇಗ ಹೊಟ್ಟೆ ತುಂಬಿದಂತಾಗುತ್ತದೆ, ಲಾಭ ಅಲ್ಲಿದೆ. ನಾಲ್ಕು ರೊಟ್ಟಿ ತಿಂದು ಮೇಲೆ ಎರಡು ಸಲ ಅನ್ನ ಬಡಿಸಿಕೊಂಡರೆ ಆ ಲಾಭ ಹೋಯಿತು. ಗಂಗಾವತಿ, ಸಿಂಧನೂರು, ಕಾರಟಗಿ ಕಡೆ ಭತ್ತದ ಸೀಮೆ, ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ. ಅಲ್ಲಿಯವರು ದಿನಕ್ಕೆ ಒಂದೇ ಹೊತ್ತು ಅನ್ನ, ಅದೂ ಒಂದು ಬಟ್ಟಲು ಅಂತ ಇಟ್ಟುಕೊಂಡರೂ ಸಾಕು.

ಮಧ್ಯಾಹ್ನದ ತಟ್ಟೆ ಹೀಗಿರಲಿ: ಅರ್ಧ ತಟ್ಟೆ ಕಾಯಿಪಲ್ಲೆ, ಸೊಪ್ಪು. ಪುಂಡಿಪಲ್ಯ, ಮೆಂತ್ಯ, ಹೀರೇಕಾಯಿ, ಹಸಿ ಸೌತೆ, ಮೂಲಂಗಿ, ಉಳ್ಳಾಗಡ್ಡಿ. ಕಾಲು ಭಾಗ ಹೆಸರುಕಾಳು, ಮಡಕಿಕಾಳು, ಅಲಸಂದಿ, ಬೇಳೆ ಅಥವಾ ಮೊಟ್ಟೆ, ಮೀನು, ಕೋಳಿ. ಉಳಿದ ಕಾಲು ಭಾಗಕ್ಕೆ ಎರಡು ರೊಟ್ಟಿ ಅಥವಾ ಒಂದು ಬಟ್ಟಲು ಅನ್ನ. ಜೊತೆಗೆ ಮಜ್ಜಿಗೆ. ಕಾಳು ಕಡಿಮೆ, ಅನ್ನ ಜಾಸ್ತಿ ಅನ್ನುವುದೇ ನಮ್ಮ ಮನೆಗಳ ದೊಡ್ಡ ಕೊರತೆ. ಪ್ರೋಟೀನು, ಅಂದರೆ ಸ್ನಾಯು ಕಟ್ಟುವ ಅಂಶ, ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂನಷ್ಟಾದರೂ ಬೇಕು. ಅದು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಈಗ ಕಣ್ಣಿಗೆ ಬೀಳದೆ ಸೇರಿಕೊಳ್ಳುವ ಮೂರು.

ಒಂದು, ಚಹಾದ ಸಕ್ಕರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಮಷೀನ್ ಮುಂದೆ ಕೂತಲ್ಲೇ ದಿನಕ್ಕೆ ಐದು ಚಹಾ ಕುಡಿಯುತ್ತಾರೆ ಅಂತಿಟ್ಟುಕೊಳ್ಳಿ. ಒಂದಕ್ಕೆ ಎರಡು ಚಮಚ ಅಂದರೆ ಹತ್ತು ಚಮಚ, 50 ಗ್ರಾಂ, ಸುಮಾರು 200 ಕ್ಯಾಲೊರಿ. ಊಟ ಎಷ್ಟೇ ಕಡಿಮೆ ಮಾಡಿದರೂ ಇದು ಹಾಗೇ ಇರುತ್ತದೆ. ಚಹಾ ಬಿಡಿ ಅಂತ ಹೇಳಲ್ಲ, ಯಾರೂ ಬಿಡಲ್ಲ. ಎರಡಕ್ಕೆ ಇಳಿಸಿ, ಅರ್ಧ ಚಮಚ ಸಕ್ಕರೆ ಹಾಕಿ.

ಎರಡು, ಶೇಂಗಾ. ಶೇಂಗಾ ಹಿಂಡಿ ಮೇಲೆ ಎಣ್ಣೆ ಸುರಿದು ರೊಟ್ಟಿ ಹಚ್ಚುವುದು ನಮಗೆ ಊಟದ ಭಾಗವೇ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 170 ಕ್ಯಾಲೊರಿ ಹತ್ತಿರ ಇದೆ. ಒಳ್ಳೆಯ ಆಹಾರವೇ, ಆದರೆ ಒಂದು ಚಮಚಕ್ಕೆ ನಿಲ್ಲಿಸಿ, ಎಣ್ಣೆ ಬದಲು ಮೊಸರು ಕಲಸಿಕೊಳ್ಳಿ.

ಮೂರು, ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ಅಂತ ತಂದು, ಅಷ್ಟರಲ್ಲೇ ಮುಗಿಸಿ. ಸಂಜೆಯ ಒಗ್ಗರಣೆ ಮಿರ್ಚಿ ವಾರಕ್ಕೊಮ್ಮೆ ಸಾಕು, ಅದೂ ಒಂದು ಮಿರ್ಚಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ದಾಸೋಹದಲ್ಲಿ ರೊಟ್ಟಿ, ಮಾದಲಿ, ಮಿರ್ಚಿ ಬಡಿಸಿದರೆ ನಾಚದೆ ಉಣ್ಣಿ. ವರ್ಷಕ್ಕೊಂದು ಜಾತ್ರೆಯಿಂದ ಯಾರೂ ದಪ್ಪ ಆಗಿಲ್ಲ, ಎಡವಟ್ಟೆಲ್ಲ ದಿನದ ಅಭ್ಯಾಸದ್ದು.

"ಎಲೆಕೋಸು, ಹೂಕೋಸು ತಿನ್ನಬಾರದಂತೆ, ಸಜ್ಜಿರೊಟ್ಟಿ ಬೇಡವಂತೆ" ಅಂತ ಬಹಳ ಜನ ಕೇಳುತ್ತಾರೆ. ಇವುಗಳಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುವ ಅಂಶಗಳಿವೆ ಅನ್ನುವುದು ನಿಜ, ಅಯೋಡಿನ್ ಕೊರತೆ ಇರುವ ಕಡೆ ಅದು ತೊಂದರೆ ಕೊಡುತ್ತದೆ. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ, ಬೇಯಿಸಿದ ಕೋಸನ್ನೋ ವಾರಕ್ಕೆರಡು ಸಲ ಸಜ್ಜಿರೊಟ್ಟಿಯನ್ನೋ ತಿಂದರೆ ಚಿಂತೆ ಇಲ್ಲ. ಸೋಯಾ ಮಾತ್ರ ಮಾತ್ರೆ ನುಂಗಿದ ಹೊತ್ತಿನಿಂದ ದೂರ ಇರಲಿ. ಈಗ ಫ್ಯಾಶನ್ ಆಗಿರುವ ಸೈಂಧವ ಲವಣ, ಕಲ್ಲುಪ್ಪಿಗೆ ಪೂರ್ತಿ ಬದಲಾಗಬೇಡಿ, ಅವುಗಳಲ್ಲಿ ಬೇಕಾದಷ್ಟು ಅಯೋಡಿನ್ ಇರಲ್ಲ. ಹಾಗಂತ ಅಯೋಡಿನ್ ಮಾತ್ರೆ, ಹನಿ ತಂದು ಕುಡಿಯುವುದೂ ಬೇಡ, ಅದು ಜಾಸ್ತಿಯಾದರೂ ಥೈರಾಯ್ಡ್ ಕೆಡುತ್ತದೆ.

ಹಂತ 6: ಓಡಾಟ

ಟಿಎಸ್‌ಎಚ್ ಹತೋಟಿಗೆ ಬರುತ್ತಿದ್ದಂತೆ ಸುಸ್ತು ಕಡಿಮೆಯಾಗುತ್ತದೆ, ಆಗ ಶುರು ಮಾಡಿ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ ಬಿರುಸಿನ ನಡಿಗೆ. ಬಿರುಸು ಅಂದರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮೊದಲ ವಾರ ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ, ಇಲ್ಲವೇ ಸಂಜೆ ಏಳರ ಮೇಲೆ. ಮಂಡಿ ನೋವಿದ್ದರೆ ಬಳ್ಳಾರಿ ಕೋಟೆ ಮೆಟ್ಟಿಲಿನ ಸಾಹಸ ಬೇಡ, ಸಮತಟ್ಟು ಜಾಗದಲ್ಲೇ ನಡೆಯಿರಿ. ಮಾತ್ರೆ ನುಂಗಿ ವಾಕಿಂಗ್ ಹೊರಟರೆ ಚಹಾದ ಕಾಯುವಿಕೆಯೂ ಮುಗಿಯುತ್ತದೆ.

ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಒತ್ತುವುದು, ನೀರು ತುಂಬಿದ ಬಾಟಲಿ ಎತ್ತುವುದು. ಜಿಮ್ ಬೇಕಿಲ್ಲ.

ನಾಟಿ, ಕಳೆ, ಹತ್ತಿ ಬಿಡಿಸುವ ಕೆಲಸಕ್ಕೆ ಹೋಗುವ ಅಕ್ಕತಂಗಿಯರಿಗೆ "ದಿನಾ ವಾಕಿಂಗ್ ಮಾಡಿ" ಅಂತ ಬುದ್ಧಿ ಹೇಳುವುದು ನನಗಂತೂ ಸರಿ ಕಾಣಲ್ಲ. ಅವರಿಗೆ ಬೇಕಾಗಿದ್ದು ಹೊತ್ತಿಗೆ ಸರಿಯಾಗಿ ಮಾತ್ರೆ, ಬುತ್ತಿಯಲ್ಲಿ ಕಾಳುಪಲ್ಯ, ಮತ್ತು ನಿದ್ದೆ.

ಹಂತ 7: ಮೂರು ತಿಂಗಳಾದ ಮೇಲೂ ಟೇಪು ಅಲುಗದಿದ್ದರೆ

ಟಿಎಸ್‌ಎಚ್ ಸರಿಯಾಗಿದೆ, ಊಟ, ನಡಿಗೆ ಎರಡೂ ನಡೆದಿದೆ, ಆದರೂ ಏನೂ ಇಳಿದಿಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುತ್ತಿದೆ, ಗಲ್ಲದ ಮೇಲೆ ಕೂದಲು ಬರುತ್ತಿದೆ ಅಂದರೆ ಪಿಸಿಒಎಸ್ ಇರಬಹುದು, ಅಂಡಾಶಯದ ಹಾರ್ಮೋನ್ ಏರುಪೇರು ಅದು, ಥೈರಾಯ್ಡ್ ಜೊತೆಯಲ್ಲೇ ಇರುವುದುಂಟು. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯಾ ಅಂತ ಕೇಳಿ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಇನ್ಸುಲಿನ್ ಕೂಡ ತೂಕ ಏರಿಸುತ್ತವೆ, ಅವನ್ನು ನೀವೇ ಬಿಡಬೇಡಿ, ಕೊಟ್ಟ ಡಾಕ್ಟರ್ ಹತ್ತಿರ ಮಾತಾಡಿ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ನುಂಗೋಕೆ ಕಷ್ಟವಾದರೆ, ದನಿ ಬದಲಾದರೆ ಮೂರು ತಿಂಗಳು ಕಾಯುವ ಮಾತೇ ಇಲ್ಲ.

ಊರಲ್ಲಿ ಯಾರೋ ಕೊಡುವ "ಮಂಡಿನೋವಿನ ಪುಡಿ", "ಒಂದೇ ಇಂಜೆಕ್ಷನ್‌ಗೆ ನೋವು ಮಾಯ" ಇವುಗಳ ಬಗ್ಗೆ ಜೋಪಾನ. ಇಂಥವುಗಳಲ್ಲಿ ಸ್ಟೀರಾಯ್ಡ್ ಇರುವುದು ಅಪರೂಪವೇನಲ್ಲ. ಸ್ಟೀರಾಯ್ಡ್ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಗೆ ಹೋದರೆ ಮುಖ ಉಬ್ಬುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಸಣಕಲಾಗುತ್ತವೆ, ಹೊಟ್ಟೆಯ ಚರ್ಮದ ಮೇಲೆ ನೇರಳೆ ಬಣ್ಣದ ಗೆರೆ ಮೂಡುತ್ತವೆ. ಈ ಗುರುತು ಕಂಡರೆ ಆ ಪುಡಿಯ ಪೊಟ್ಟಣವನ್ನೇ ಜೊತೆಗೆ ತಗೊಂಡು ಆಸ್ಪತ್ರೆಗೆ ಹೋಗಿ. ಹೆದರಿ ಅದನ್ನು ಒಮ್ಮೆಲೇ ನಿಲ್ಲಿಸಲೂ ಬೇಡಿ. ತುಂಬಾ ದಿನ ತಗೊಂಡಿದ್ದನ್ನು ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು.